‘ಕರಾರುವಾಕ್ಕು’: ಒಳಗೆ ‘ವಾಕ್ಕು’ ಇಲ್ಲ

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ತಕ್ಕಡಿಯ ಮುಳ್ಳು ನಿಂತೊಡನೆ ಬರುವ ಮಾತು ‘ಬರೋಬರಿ ಐತ್ರಿ’. ಕಿತ್ತೂರಿನ ಗೌಂಡಿ ದಾರಕ್ಕೆ ಗುಂಡು ಕಟ್ಟಿ ಗೋಡೆಯಗುಂಟ ಇಳಿಬಿಟ್ಟು ನೋಡಿ ‘ನೆಟ್ಟಗೈತಿ’ ಎನ್ನುತ್ತಾನೆ. ಸವದತ್ತಿಯ ಬಸ್ ನಿಲ್ದಾಣದಲ್ಲಿ ಗಾಡಿ ಹೇಳಿದ ಹೊತ್ತಿಗೆ ಬಂದರೆ ‘ಕರೆಕ್ಟ್ ಟೈಮಿಗೆ ಬಂತ್ ನೋಡ್ರಿ’. ರಾಮದುರ್ಗದಲ್ಲಿ ಹೊಲದ ಉತಾರ ತೆಗೆಸಲು ಹೋದವನಿಗೆ ಕಚೇರಿಯಲ್ಲಿ ಕೇಳಿಬರುವುದು, ‘ಸರ್ವೆ ನಂಬರ್ ಕರಾರುವಾಕ್ ಹೇಳ್ರಿ’. ಈ ನಾಲ್ಕೂ ಕಡೆ ಇಂಗ್ಲಿಷಿನವನು ‘ಆಕ್ಯುರೇಟ್’ ಎಂಬ ಒಂದೇ ವಿಶೇಷಣದಿಂದ ಕೆಲಸ ಮುಗಿಸಿಬಿಡಬಹುದು. ನಾಲ್ಕು ಊರುಗಳನ್ನು ಒಂದೇ ದಿನದಲ್ಲಿ ಸುತ್ತಿ ಬರಬಹುದು. ಆದರೆ ಆ ನಾಲ್ಕು ಮಾತುಗಳಲ್ಲಿ ಒಂದು ಪಾರಸಿ, ಒಂದು ಅಚ್ಚಗನ್ನಡ, ಒಂದು ಲ್ಯಾಟಿನ್, ಕೊನೆಯದು ಅರಬ್ಬಿ.

ಮೊದಲು ಇಂಗ್ಲಿಷಿನ ಮಾತನ್ನೇ ನೋಡಬಹುದು. ‘ಆಕ್ಯುರೇಟ್’ ಎಂದರೆ ತಪ್ಪಿಲ್ಲದ್ದು, ಗುರಿ ಮುಟ್ಟಿದ್ದು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಮೂಲದಲ್ಲಿ ಅದಕ್ಕೆ ಗುರಿಯ ಗೊಡವೆಯೇ ಇರಲಿಲ್ಲ. ಲ್ಯಾಟಿನ್ನಿನ ‘ಕೂರಾ’ ಎಂದರೆ ಕಾಳಜಿ, ಆರೈಕೆ. ಅದರಿಂದ ‘ಅಕ್ಕುರಾತುಸ್’, ಅಂದರೆ ಕಾಳಜಿ ವಹಿಸಿ ಮಾಡಿದ್ದು. ರೋಗಕ್ಕೆ ‘ಕ್ಯೂರ್’ ಎಂಬುದೂ ವಸ್ತುಸಂಗ್ರಹಾಲಯದ ‘ಕ್ಯುರೇಟರ್’ ಎಂಬುದೂ ಇದೇ ಬಳ್ಳಿಯ ಕಾಯಿಗಳು. ‘ಸೆಕ್ಯೂರ್’ ಕೂಡ ಇದೇ ಮನೆತನದ್ದು. ಚಿಂತೆಯಿಂದ ದೂರವಾದದ್ದು ಎಂದು ಅದರ ಅರ್ಥ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಈ ಮಾತಿಗೆ ‘ಜತನದಿಂದ ಮಾಡಿದ’ ಎಂಬ ಅರ್ಥವೇ ಇತ್ತು. ಜತನದಿಂದ ಮಾಡಿದ್ದರಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬ ನಂಬಿಕೆಯ ಮೇಲೆ ಅರ್ಥ ಮೆಲ್ಲನೆ ಜರುಗಿ ‘ತಪ್ಪಿಲ್ಲದ್ದು’ ಎಂದಾಯಿತು.

ಅದರ ಅಣ್ಣತಮ್ಮಂದಿರ ಸ್ವಭಾವ ಬೇರೆ. ‘ಪ್ರಿಸೈಸ್’ ಎಂದರೆ ಕತ್ತರಿಸಿದ್ದು, ಹೆಚ್ಚಿನದನ್ನು ಕೊಯ್ದು ತೆಗೆದದ್ದು. ‘ಎಗ್ಜಾಕ್ಟ್’ ಇನ್ನೂ ಕಠಿಣ. ಲ್ಯಾಟಿನ್ನಿನಲ್ಲಿ ಅದರ ಮೂಲ ಕ್ರಿಯಾಪದಕ್ಕೆ ಹೊರಗೆಳೆ, ತಗಾದೆ ಮಾಡು, ವಸೂಲು ಮಾಡು ಎಂಬ ಅರ್ಥಗಳಿವೆ. ಇಂಗ್ಲಿಷಿನಲ್ಲಿ ಇಂದಿಗೂ ‘ಎಗ್ಜಾಕ್ಟ್’ ಎಂಬುದನ್ನು ಕ್ರಿಯಾಪದವಾಗಿ ಬಳಸಿದರೆ ತೆರಿಗೆಯನ್ನೋ ದಂಡವನ್ನೋ ಬಿಡದೆ ಕಕ್ಕಿಸು ಎಂದೇ ಅರ್ಥ. ಒಂದು ಮಾತು ಆರೈಕೆಯಿಂದ ಹುಟ್ಟಿದೆ, ಇನ್ನೊಂದು ವಸೂಲಿಯಿಂದ. ಬೆಳಗಾವಿ ಜಿಲ್ಲೆಯ ಈ ತಾಲೂಕುಗಳ ಚರಿತ್ರೆ ಓದುವವರು ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಕನ್ನಡದ ಕಡೆಗೆ. ಕ್ರಿಕೆಟ್ ವರದಿಯಲ್ಲಿ ‘ಕರಾರುವಾಕ್ಕಾದ ಬೌಲಿಂಗ್’, ಹವಾಮಾನ ಸುದ್ದಿಯಲ್ಲಿ ‘ಕರಾರುವಾಕ್ ಮುನ್ಸೂಚನೆ’ ಎಂದು ಪತ್ರಿಕೆಗಳು ಈ ಮಾತನ್ನು ದಿನವೂ ದುಡಿಸುತ್ತವೆ. ಕೇಳಿದವರಿಗೆ ಇದು ‘ಕರಾರು’ ಮತ್ತು ‘ವಾಕ್ಕು’ ಸೇರಿ ಆದ ಸಮಾಸದಂತೆ ತೋರುತ್ತದೆ. ವಾಕ್ ಎಂದರೆ ಮಾತು, ಆದ್ದರಿಂದ ಕರಾರುವಾಕ್ಕು ಎಂದರೆ ಒಪ್ಪಂದದ ಮಾತು, ತಪ್ಪಬಾರದ ಮಾತು ಎಂದು ಅರ್ಥ ಹೇಳುವ ಮೇಷ್ಟ್ರುಗಳಿದ್ದಾರೆ. ಅರ್ಥ ಚೆನ್ನಾಗಿದೆ, ಆದರೆ ನಿಜವಲ್ಲ. ಇಲ್ಲಿ ಸಂಸ್ಕೃತದ ವಾಕ್ ಇಲ್ಲವೇ ಇಲ್ಲ. ಇದು ಅರಬ್ಬಿಯಿಂದ ಪಾರಸಿಗೆ ಬಂದ ‘ಕರಾರ್ ವಾಕಿಈ’ ಎಂಬ ಜೋಡಿಪದ. ಕರಾರ್ ಎಂದರೆ ನೆಲೆ ನಿಂತದ್ದು, ಗೊತ್ತಾದದ್ದು. ವಾಕಿ ಎಂದರೆ ನಡೆದದ್ದು, ಸಂಭವಿಸಿದ್ದು. ಹಿಂದಿ ಸಿನಿಮಾಗಳಲ್ಲಿ ‘ನಿಜವಾಗಿಯೂ’ ಎನ್ನಲು ಬಳಸುವ ‘ವಾಕಯೀ’ ಇದೇ. ಮರಾಠರ ಆಸ್ಥಾನದಲ್ಲಿ ದಿನದಿನದ ಆಗುಹೋಗು ಬರೆದಿಡುವ ಅಧಿಕಾರಿಗೆ ‘ವಾಕನೀಸ’ ಎಂಬ ಹೆಸರಿತ್ತು. ಅದೂ ‘ವಾಕಿಆ ನವೀಸ್’, ನಡೆದದ್ದನ್ನು ಬರೆಯುವವ, ಎಂಬುದರ ಸವೆದ ರೂಪ. ಉರ್ದುವಿನಲ್ಲಿ ಈ ಜೋಡಿಪದಕ್ಕೆ ಗೊತ್ತಾದ, ನಿಶ್ಚಿತ, ಯಥಾರ್ಥ ಎಂಬ ಅರ್ಥಗಳಿವೆ.

ಹೀಗೆ ನೋಡಿದರೆ ಕರಾರುವಾಕ್ಕು ಎಂಬುದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ಕಾಗದದ ಮೇಲೆ ಗೊತ್ತಾದದ್ದು ಏನು? ನೆಲದ ಮೇಲೆ ನಡೆದದ್ದು ಏನು? ಎರಡೂ ಒಂದಕ್ಕೊಂದು ಹೊಂದಿದಾಗ ಮಾತ್ರ ಕರಾರುವಾಕ್ಕು.

ಈ ಪದ ಈ ಸೀಮೆಗೆ ಹೊಕ್ಕ ದಾರಿ ಊಹಿಸಲು ಕಷ್ಟವಿಲ್ಲ. 1490ರಿಂದ 1686ರವರೆಗೆ ಬಿಜಾಪುರದಲ್ಲಿ ಆದಿಲಶಾಹಿಗಳಿದ್ದರು. ಆಮೇಲೆ ಮೊಗಲರು, ಸವಣೂರಿನ ನವಾಬರು, ಪೇಶ್ವೆಗಳು ಬಂದರು. ದಫ್ತರದ ಭಾಷೆಯಲ್ಲಿ ಪಾರಸಿಯೂ ಮೋಡಿ ಲಿಪಿಯ ಮರಾಠಿಯೂ ಬೆರೆತಿದ್ದವು. ವಸೂಲಿ, ಬಾಕಿ, ಹಿಸ್ಸಾ, ರುಜು, ತಹಶೀಲು, ಜಮಾಬಂದಿ, ಈ ಎಲ್ಲ ಮಾತುಗಳೂ ಆ ದಫ್ತರಗಳಿಂದ ಹೊಲಕ್ಕೆ ಇಳಿದು ಬಂದವು. ಕನ್ನಡದ ರೈತನಿಗೆ ಬಿತ್ತನೆಗೂ ಸುಗ್ಗಿಗೂ ತನ್ನವೇ ಪದಗಳಿದ್ದವು. ಲೆಕ್ಕ ಕೊಡುವ ಹೊತ್ತಿಗೆ ಮಾತ್ರ ಲೆಕ್ಕ ಕೇಳುವವನ ಭಾಷೆ ಬೇಕಾಯಿತು.

ಬಂದ ಮಾತುಗಳೆಲ್ಲ ಒಂದೇ ಬಣ್ಣದವಲ್ಲ. ‘ಬರೋಬರಿ’ಯ ಮೂಲ ಪಾರಸಿಯ ‘ಬರಾಬರ್’. ಬರ್ ಎಂದರೆ ಎದೆ. ಎದೆಗೆ ಎದೆ ಕೊಟ್ಟು ನಿಂತ ಇಬ್ಬರು ಸಮಾನರು ಎಂಬ ಚಿತ್ರ ಅದರಲ್ಲಿದೆ. ತಕ್ಕಡಿಯ ಎರಡು ತಟ್ಟೆಗೆ ಇದಕ್ಕಿಂತ ಒಪ್ಪುವ ಮಾತು ಸಿಗಲಾರದು. ‘ಖಚಿತ’ ಸಂಸ್ಕೃತದ್ದು, ಕೆತ್ತಿ ಕೂಡಿಸಿದ್ದು ಎಂಬ ಅರ್ಥದ್ದು. ರತ್ನಖಚಿತ ಸಿಂಹಾಸನದಲ್ಲಿರುವ ಖಚಿತವೇ ಖಚಿತ ಮಾಹಿತಿಯಲ್ಲಿಯೂ ಇದೆ. ಹರಳು ತನ್ನ ಕುಳಿಯಲ್ಲಿ ಅಲುಗದೆ ಕೂತಂತೆ ಮಾಹಿತಿ ಕೂರಬೇಕು. ಗಡಿಯಾಚೆಯ ಮರಾಠಿಯಲ್ಲಿ ‘ತಂತೋತಂತ’ ಎಂಬ ಮಾತಿದೆ, ಎಳೆಗೆ ಎಳೆ ಕೂಡಿದಂತೆ ಎಂಬ ಧ್ವನಿಯದು. ರಾಮದುರ್ಗದಂಥ ನೇಕಾರರ ಊರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಪಕ್ಕಾ’ ಎಂಬುದು ಸಂಸ್ಕೃತದ ‘ಪಕ್ವ’, ಬೆಂದದ್ದು, ಮಾಗಿದ್ದು. ಗೌಂಡಿಯ ‘ನೆಟ್ಟಗೆ’ಗೂ ‘ಕರೆಕ್ಟ್’ಗೂ ದೂರದ ನಂಟಿದೆ. ಭಾಷೆಯ ನಂಟಲ್ಲ, ಭಾವದ್ದು. ಕರೆಕ್ಟ್ ಎಂಬುದರ ಲ್ಯಾಟಿನ್ ಮೂಲಕ್ಕೂ ಡೊಂಕನ್ನು ನೆಟ್ಟಗೆ ಮಾಡುವುದು ಎಂದೇ ಅರ್ಥ.

ಪದಗಳ ಮಾತು ಇಷ್ಟಕ್ಕೇ ಮುಗಿದಿದ್ದರೆ ಇದು ನಿಘಂಟಿನ ಕೆಲಸವಾಗುತ್ತಿತ್ತು. ಬಳ್ಳಾರಿಯಲ್ಲಿದ್ದ ಮಿಷನರಿ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್-ಕನ್ನಡ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದು 1824ರಲ್ಲಿ. ಅದೇ ವರ್ಷ ಕಿತ್ತೂರಿನಲ್ಲಿ ‘ಕರಾರು’ ಮತ್ತು ‘ವಾಕಿ’ಯ ನಡುವಿನ ಅಂತರ ರಕ್ತ ಹರಿಸಿತು.

ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನಿಗೆ ಮಕ್ಕಳಿರಲಿಲ್ಲ. 1818ರಲ್ಲಿ ಪೇಶ್ವೆಯ ಆಡಳಿತ ಮುಗಿದಾಗ ಆತ ಇಂಗ್ಲಿಷರ ಪಕ್ಷದಲ್ಲಿದ್ದು ಸಂಸ್ಥಾನವನ್ನು ಉಳಿಸಿಕೊಂಡಿದ್ದ. 1824ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡ. ಮಾಸ್ತಮರಡಿಯ ಗೌಡರ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿರುವುದಾಗಿ ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆಯ ಕೈಗೆ ಬಂತು. ಪತ್ರದ ಮೇಲಿದ್ದ ತಾರೀಖು ಜುಲೈ ತಿಂಗಳಿನದು. ಅದು ಕೈಸೇರಿದ್ದು ಸೆಪ್ಟೆಂಬರಿನಲ್ಲಿ. ಸಹಿ ದೇಸಾಯಿಯದೇ ಹೌದೋ ಅಲ್ಲವೋ, ಅದನ್ನು ಬರೆದಾಗ ಆತ ಬದುಕಿದ್ದನೋ ಇಲ್ಲವೋ ಎಂದು ಥ್ಯಾಕರೆ ಸಂಶಯ ತೆಗೆದ. ದತ್ತಕವನ್ನು ಒಪ್ಪದೆ ಕಿತ್ತೂರಿನ ಭಂಡಾರಕ್ಕೆ ಬೀಗಮುದ್ರೆ ಹಾಕಿಸಿದ.

ಪ್ರಶ್ನೆ ಕರಾರುವಾಕ್ಕಿನದೇ ಆಗಿತ್ತು. ಕಾಗದ ಇದೆ, ಕಾರ್ಯ ನಡೆದದ್ದು ಯಾವಾಗ? ಆದರೆ ಕೇಳಿದ ಪ್ರಶ್ನೆ ನ್ಯಾಯದ್ದಾದರೂ ಕೇಳಿದವನು ನ್ಯಾಯಾಧೀಶನಲ್ಲ, ಕಕ್ಷಿಗಾರ. ಪತ್ರ ಸುಳ್ಳೆಂದು ತೀರ್ಮಾನವಾದರೆ ಸಂಸ್ಥಾನ ಸೇರುವುದು ಅವನ ಕಂಪನಿಗೆ. ಮರಣಶಯ್ಯೆಯಲ್ಲಿದ್ದವನು ದತ್ತಕ ತೆಗೆದುಕೊಳ್ಳುವುದು, ಗಂಡ ಸತ್ತ ಮೇಲೆ ಹೆಂಡತಿ ತೆಗೆದುಕೊಳ್ಳುವುದು ದೇಸಗತಿಯ ಮನೆಗಳಿಗೆ ಹೊಸದೇನೂ ಆಗಿರಲಿಲ್ಲ. ಇಲ್ಲಿಯ ರೂಢಿ ಮಗುವನ್ನು ನೋಡುತ್ತಿತ್ತು, ಧಾರವಾಡದ ಕಚೇರಿ ತಾರೀಖನ್ನು ನೋಡಿತು. ಉಳಿದದ್ದು ಎಲ್ಲರಿಗೂ ಗೊತ್ತಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ರಾಣಿ ಚನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಆಕೆ 1829ರಲ್ಲಿ ಅಲ್ಲಿಯೇ ತೀರಿಕೊಂಡಳು. ಅವಳ ಸಮಾಧಿ ಬೈಲಹೊಂಗಲದಲ್ಲಿದೆ. ಆ ವರ್ಷದ ಫೆಬ್ರುವರಿ 2 ಎಂದು ಕೆಲವು ಪುಸ್ತಕಗಳೂ, 21 ಎಂದು ಇನ್ನು ಕೆಲವೂ ಬರೆಯುತ್ತವೆ. ಸಹಿಯ ತಾರೀಖಿಗಾಗಿ ರಾಜ್ಯ ಕಳೆದುಕೊಂಡವಳ ಸಾವಿನ ತಾರೀಖು ಹೀಗೆ ಎರಡಾಗಿ ನಿಂತಿದೆ.

ಕಿತ್ತೂರಿನಲ್ಲಿ ಅಂದು ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬನ ಹೆಸರು ವಾಲ್ಟರ್ ಎಲಿಯಟ್. ಕಿತ್ತೂರಿನವರು ಅವನ ಜೀವಕ್ಕೆ ಕೇಡು ಬಗೆಯದೆ ಬಿಟ್ಟುಕೊಟ್ಟರು. ಮುಂದೆ ಈತ ಈ ಭಾಗದ ಹಳ್ಳಿಹಳ್ಳಿಗಳಲ್ಲಿದ್ದ ಕನ್ನಡ ಶಾಸನಗಳನ್ನು ಸಾಲುಸಾಲಾಗಿ ಪ್ರತಿ ಮಾಡಿಸಿದ. ಸುಮಾರು 600 ಶಾಸನಗಳ ಆ ಸಂಗ್ರಹದ ಬೆಂಬಲದಿಂದಲೇ ಚಾಲುಕ್ಯರ ಇತಿಹಾಸಕ್ಕೆ ಮೊದಲ ಚೌಕಟ್ಟು ಸಿಕ್ಕಿತು. ಲ್ಯಾಟಿನ್ನಿನ ಹಳೆಯ ಅರ್ಥದಲ್ಲಿ ‘ಆಕ್ಯುರೇಟ್’ ಎನ್ನಬಹುದಾದ ಕೆಲಸ ಅದು. ಥ್ಯಾಕರೆಯ ಸಹಾಯಕನಾಗಿ ಬಂದವನು ಇಂಥದೊಂದು ಕೆಲಸ ಮಾಡಿ ಹೋದನೆಂಬುದು ಈ ಕಥೆಯಲ್ಲಿ ಸಿಗುವ ಅಪರೂಪದ ಸಮಾಧಾನ.

ಆ ಶಾಸನಗಳ ಕಾಲದಲ್ಲಿ ಅಳತೆ ಹೇಗಿತ್ತು ಎಂಬುದಕ್ಕೆ ಸವದತ್ತಿಯ ಕಡೆ ನೋಡಬೇಕು. ಸವದತ್ತಿ ಆಗ ಸುಗಂಧವರ್ತಿ, ರಟ್ಟರ ರಾಜಧಾನಿ. ರಟ್ಟರ ಶಾಸನಗಳನ್ನು ಜೆ. ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಕಟಿಸಿದ. ಬಸದಿಗೋ ದೇಗುಲಕ್ಕೋ ಭೂಮಿ ಬಿಟ್ಟಾಗ ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಬರೆಸುವುದು ಆ ಕಾಲದ ಪದ್ಧತಿ. ಆದರೆ ಮತ್ತರು ಎಲ್ಲೆಲ್ಲೂ ಒಂದೇ ಅಲ್ಲ. ಅಳೆಯುವ ಗಳೆ ಊರಿಗೊಂದು ತರಹ. ಅದಕ್ಕೆಂದೇ ಶಾಸನ ಬರೆದವರು ಅನೇಕ ಕಡೆ ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಸೇರಿಸುತ್ತಿದ್ದರು. ಬನವಾಸಿ ನಾಡಿನ ‘ಭೇರುಂಡ ಗಳೆ’ ಅಂಥದ್ದೊಂದು. ಅಂದರೆ ಅವರ ಅಂಕಿ ಎಲ್ಲರಿಗೂ ಸಲ್ಲುವ ಅಂಕಿಯಲ್ಲ, ಆ ಕೋಲನ್ನು ಕಂಡವರಿಗೆ ಮಾತ್ರ ಪಕ್ಕಾ.

ರೈತರ ಲೆಕ್ಕ ಇನ್ನೂ ಸರಳ. ‘ಒಂದು ಕೂರಿಗಿ ಹೊಲ’ ಎಂದರೆ ಒಂದು ಕೂರಿಗೆಯಿಂದ ಒಂದು ದಿನದಲ್ಲಿ ಬಿತ್ತುವಷ್ಟು ನೆಲ. ಎರಿ ಭೂಮಿಯಲ್ಲಿ ಅದು ಒಂದು ಅಳತೆ, ಮಸಾರಿಯಲ್ಲಿ ಇನ್ನೊಂದು. ಎತ್ತು ಬಡವಾದರೆ ಮತ್ತೊಂದು. ಎಕರೆಯ ಕಣ್ಣಿಗೆ ಇದು ಅಡ್ಡಾದಿಡ್ಡಿ. ಆದರೆ ಹೊಲ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ದುಡಿಮೆ ಬೇಡುತ್ತದೆ ಎಂಬುದು ಮುಖ್ಯವಾದವನಿಗೆ ಇದೇ ಸರಿ.

ಕಂಪನಿ ಸರಕಾರಕ್ಕೆ ಇದು ಸಾಲಲಿಲ್ಲ. ಮುಂಬಯಿ ಇಲಾಖೆಯಲ್ಲಿ ಮೊದಲು ಲೆಕ್ಕಕ್ಕೆ ಇಳಿದವನು ಪ್ರಿಂಗಲ್. ಪುಣೆ ಕಡೆಯ ಹಳ್ಳಿಗಳಲ್ಲಿ 1820ರ ದಶಕದ ಕೊನೆಗೆ ಆತ ನಡೆಸಿದ ಸರ್ವೆಯಲ್ಲಿ ಪ್ರತಿ ಬಗೆಯ ಮಣ್ಣಿನ ಹುಟ್ಟುವಳಿ, ಖರ್ಚು, ನಿವ್ವಳ ಉಳಿತಾಯ ಎಲ್ಲವನ್ನೂ ಅರ್ಥಶಾಸ್ತ್ರದ ಪುಸ್ತಕದಂತೆ ಗುಣಿಸಿ ಭಾಗಿಸಿ ಕಂದಾಯ ಗೊತ್ತುಪಡಿಸಲಾಯಿತು. ಅಂಕಿಗಳು ಬಹಳ ಸೂಕ್ಷ್ಮ. ಆದರೆ ಕೆಳಗಿನ ಅಳತೆಯೇ ತಪ್ಪು, ಮೇಲಾಗಿ ಅಳೆದವರ ಲಂಚ. ಆ ಭಾರಕ್ಕೆ ರೈತರು ಹೊಲ ಬಿಟ್ಟು ಹೋದರು. ವಿಜ್ಞಾನದ ವಿದ್ಯಾರ್ಥಿಗಳಿಗೆ ‘ಪ್ರಿಸಿಷನ್’ ಬೇರೆ, ‘ಆಕ್ಯುರಸಿ’ ಬೇರೆ ಎಂದು ಕಲಿಸುತ್ತಾರೆ. ಹತ್ತು ಗುಂಡು ಒಂದೇ ತೂತಿನಲ್ಲಿ ಹೋದರೂ ಆ ತೂತು ಗುರಿಯಿಂದ ಮಾರು ದೂರವಿರಬಹುದು. ಪ್ರಿಂಗಲ್ಲನ ಸರ್ವೆ ಅದಕ್ಕೆ ಒಳ್ಳೆಯ ಪಾಠ. 1836ರಲ್ಲಿ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಹೊಸದಾಗಿ ಶುರುಮಾಡಬೇಕಾಯಿತು. 1840ರ ದಶಕದಲ್ಲಿ ವಿಂಗೇಟನ ಸರ್ವೆ ಈ ಕಡೆಗೂ ಬಂತು.

ವಿಂಗೇಟನ ಜನ ತಂದದ್ದು 33 ಅಡಿಯ ಸರಪಳಿ. ಆ ಸರಪಳಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಿದ್ದ ನೆಲ ಒಂದು ಗುಂಟೆ, 1089 ಚದರ ಅಡಿ. ಅಂಥ 40 ಗುಂಟೆ ಒಂದು ಎಕರೆ. ಗುಂಟೆಯ ಹದಿನಾರನೆಯ ಪಾಲು ಆಣೆ, ಸುಮಾರು 68 ಚದರ ಅಡಿ. ಜೇಬಿನ ಆಣೆ 1957ರಲ್ಲಿ ನಯೆ ಪೈಸೆ ಬಂದ ಮೇಲೆ ಮರೆಯಾಯಿತು. ಹೊಲದ ಆಣೆ ಮಾತ್ರ ಪಹಣಿಯಲ್ಲಿ ಉಳಿಯಿತು. ಮಣ್ಣನ್ನೂ ಬಣ್ಣ, ಆಳ ನೋಡಿ 9 ತರಗತಿ ಮಾಡಿದರು. ಎಲ್ಲಕ್ಕಿಂತ ಒಳ್ಳೆಯ ಎರಿ 16 ಆಣೆಯದು, ಎಲ್ಲಕ್ಕಿಂತ ಕೀಳು 2 ಆಣೆಯದು. ಸುಣ್ಣದ ಹರಳು ಬೆರೆತಿದ್ದರೆ, ಮರಳಿದ್ದರೆ, ಇಳಿಜಾರಿದ್ದರೆ ಅದನ್ನು ಗುರುತು ಹಾಕಿ ಒಂದೊಂದು ತರಗತಿ ಇಳಿಸುತ್ತಿದ್ದರು. ಇದರಲ್ಲಿ ಕಾಳಜಿ ಇರಲಿಲ್ಲ ಎನ್ನಲಾಗದು. ಇಂದಿಗೂ ಈ ನಾಲ್ಕು ತಾಲೂಕುಗಳ ಸರ್ವೆ ನಂಬರುಗಳ ಬುನಾದಿ ಈ ಪದ್ಧತಿಯೇ. ಆದರೆ ಸರಪಳಿ ಬಿದ್ದದ್ದು ಕಂದಾಯಕ್ಕಾಗಿ. ‘ಎಗ್ಜಾಕ್ಟ್’ ಎಂಬುದರ ಎರಡೂ ಅರ್ಥ ಅಲ್ಲಿ ಕೂಡಿದ್ದವು.

ಜಮೀನು ಅಳೆದ ಮೇಲೆ ಕಾಗದಗಳ ಸರದಿ. ಇನಾಮು ಭೂಮಿ ಉಂಡುಕೊಂಡು ಬಂದವರ ಹಕ್ಕುಗಳನ್ನು ತಪಾಸಣೆ ಮಾಡಲು ಇನಾಮ್ ಕಮಿಷನ್ ಎಂಬುದು ನಿಂತಿತು. 1852ರ ಕಾಯದೆಯಿಂದ ಅದಕ್ಕೆ ಬಲ ಬಂತು. ಮೂರು ನಾಲ್ಕು ತಲೆಮಾರು ಉತ್ತುಕೊಂಡು ಬಂದವರಿಗೂ ‘ಸನದು ತೋರಿಸಿ’ ಎಂಬ ಆಜ್ಞೆ. ಗೆದ್ದಲು ತಿಂದದ್ದು, ಸುಟ್ಟದ್ದು, ಬಾಯಿಮಾತಿನಲ್ಲಿ ಕೊಟ್ಟದ್ದು, ಇದಾವುದೂ ಉತ್ತರವಾಗಲಿಲ್ಲ. ಕಿತ್ತೂರಿನಲ್ಲಿ ಕಾಗದವಿತ್ತು, ಅದನ್ನು ನಂಬಲಿಲ್ಲ. ಇಲ್ಲಿ ಅನುಭೋಗವಿತ್ತು, ಕಾಗದವಿಲ್ಲವೆಂದರು.

ಆ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದ ಚಾರ್ಲ್ಸ್ ಮ್ಯಾನ್ಸನ್ ಮುಂದೆ ಈ ಭಾಗದ ಪೊಲಿಟಿಕಲ್ ಏಜೆಂಟನಾದ. ನರಗುಂದದ ಬಾಬಾಸಾಹೇಬನಿಗೆ ದತ್ತಕದ ಅನುಮತಿ ಸಿಕ್ಕಿರಲಿಲ್ಲ. 1858ರ ಮೇ ಕೊನೆಯಲ್ಲಿ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ರಾಮದುರ್ಗದ ಸಂಸ್ಥಾನಿಕ ಬಾಬಾಸಾಹೇಬನ ಮಲಸಹೋದರ, ಆದರೆ ಇಂಗ್ಲಿಷರ ಕಡೆಯವ. ಅಲ್ಲಿಂದ ನರಗುಂದದತ್ತ ಹೊರಟ ಮ್ಯಾನ್ಸನ್ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ಜನ ಬಿದ್ದು ಕೊಂದರು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಕಿತ್ತೂರಿಗೂ ಸುರೇಬಾನಕ್ಕೂ ನಡುವೆ 34 ವರ್ಷ. ಎರಡು ಕಡೆಯೂ ದತ್ತಕ, ಎರಡು ಕಡೆಯೂ ದಫ್ತರ. ಈ ಬಂಡಾಯಗಳನ್ನು ಶೌರ್ಯದ ಕಥೆಯಾಗಿ ಲಾವಣಿಗಳು ಹಾಡಿವೆ, ಅದು ಸರಿಯೇ. ಆದರೆ ಕತ್ತಿ ಹಿರಿಯುವ ಮೊದಲು ಜಗಳವಿದ್ದದ್ದು ತಾರೀಖು, ಸಹಿ, ಮೊಹರುಗಳ ಮೇಲೆ ಎಂಬುದನ್ನು ಮರೆಯುವಂತಿಲ್ಲ.

ಈಗ ಕಾಗದದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಪಹಣಿಗಳು ಗಣಕಕ್ಕೆ ಸೇರಿ ಎರಡು ದಶಕಗಳ ಮೇಲಾಯಿತು. 2020ರಲ್ಲಿ ಕೇಂದ್ರ ಸರಕಾರ ‘ಸ್ವಾಮಿತ್ವ’ ಯೋಜನೆ ಶುರುಮಾಡಿದ ಮೇಲೆ ಹಳ್ಳಿಯ ಮನೆಜಾಗಗಳನ್ನು ಡ್ರೋನಿನಿಂದ ಅಳೆಯುವುದೂ ನಡೆದಿದೆ. ಅಂಕಿ ಇಂಚಿನ ಮಟ್ಟಕ್ಕೆ ಇಳಿದಿದೆ. ಆದರೆ ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಉತಾರದಲ್ಲಿ ಅವನ ಹೆಸರೇ ಇರುವುದು, ಅಣ್ಣತಮ್ಮಂದಿರು ಬಾಯಿಮಾತಿನ ವಾಟ್ನಿಯಂತೆ ಉತ್ತುಕೊಂಡಿರುವುದು ಯಾವ ಹಳ್ಳಿಗೂ ಹೊಸದಲ್ಲ. ಬ್ಯಾಂಕಿನ ಸಾಲಕ್ಕೋ ಬೆಳೆ ಪರಿಹಾರಕ್ಕೋ ಹೋದಾಗ ಗೊತ್ತಾಗುತ್ತದೆ, ಕರಾರು ಒಂದು ಕಡೆ, ವಾಕಿ ಇನ್ನೊಂದು ಕಡೆ.

ವಾಟ್ನಿಗೆ ಕೂತ ಹಿರಿಯರು ಕರಾರುವಾಕ್ ಎಂಬ ಮಾತನ್ನು ಬಳಸುವುದು ಕಡಿಮೆ. ಅವರ ಮಾತು ಬರೋಬರಿ. ಮಲಪ್ರಭೆಯ ದಂಡೆಯ ಎರಿ ಹೊಲ ನಾಲ್ಕು ಎಕರೆ ಒಬ್ಬನಿಗೆ ಬಂದರೆ ಗುಡ್ಡದ ಮಗ್ಗುಲಿನ ಮಸಾರಿ ಆರು ಎಕರೆ ಇನ್ನೊಬ್ಬನಿಗೆ, ಬಾವಿ ಇಬ್ಬರಿಗೂ, ಬದುವಿನ ಮೇಲಿನ ಬೇವಿನ ಮರ ತಂಗಿಗೆ. ಸರಪಳಿ ಹಿಡಿದರೆ ಇದು ತಪ್ಪು ಲೆಕ್ಕ. ಅವರು ಒಂದು ಕಲ್ಲು ತಂದು ಬದುವಿನಲ್ಲಿ ಹುಗಿದು, ನೆಟ್ಟಗೈತೇನ್ ನೋಡೋ ತಮ್ಮಾ ಎಂದು ಚಿಕ್ಕವನನ್ನು ಕೇಳುತ್ತಾರೆ.